ಮಲಿಂಡಿಗೆ ಹೊರಟವರೇ, ಮೊದಲು ಪಂಚಾಂಗ ತೆಗೆಯಿರಿ

ಡಿಸೆಂಬರ್ ರಜೆಗೆ ಕರಾವಳಿಗೆ ಇಳಿಯಲಿರುವ ನೈರೋಬಿಯ ಕನ್ನಡ ಕುಟುಂಬಗಳಿಗೆ ಮೊಂಬಾಸಾದಿಂದ ನಮಸ್ಕಾರ.

ನಿಮ್ಮ ತಯಾರಿಯ ಸುದ್ದಿ ಇಲ್ಲಿಗೂ ಮುಟ್ಟಿದೆ. ಐದಾರು ಮನೆಯವರು, ಊರಿನಿಂದ ಬರುವ ಅಪ್ಪ-ಅಮ್ಮಂದಿರು, ಜೊತೆಗೆ ಮಕ್ಕಳ ದಂಡು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮಲಿಂಡಿಯಲ್ಲಿ ಒಂದು ಬಂಗಲೆ. ಈಜುಕೊಳ ಇದೆಯೇ, ಅಡುಗೆಯವರು ಸಿಗುತ್ತಾರೆಯೇ, ವೈಫೈ ಹೇಗಿದೆ ಎಂಬ ವಿಚಾರಣೆಯೆಲ್ಲ ಮುಗಿದು ಮುಂಗಡ ಕೊಡುವ ಹಂತಕ್ಕೆ ಬಂದಿದ್ದೀರಂತೆ. ಪ್ರತಿವರ್ಷ ಯಾರಾದರೊಬ್ಬರು ಫೋನ್ ಮಾಡಿ ಇವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆದುಬಿಡುತ್ತೇನೆ. ಯಾರೂ ಕೇಳದ ಪ್ರಶ್ನೆಯಿಂದಲೇ ಶುರು ಮಾಡೋಣ: ನೀವು ಅಲ್ಲಿರುವ ದಿನಗಳಲ್ಲಿ ತಿಥಿ ಯಾವುದು?

ನಗಬೇಡಿ. ಮಲ್ಪೆ, ಕುಂದಾಪುರದ ಕಡೆ ಹುಟ್ಟಿದ ನನ್ನಂಥವರಿಗೆ ಸಮುದ್ರ ಎಂದರೆ ಹೋದಾಗಲೆಲ್ಲ ಅಲ್ಲೇ ಇರುವಂಥದ್ದು. ನೀರು ನಾಲ್ಕು ಹೆಜ್ಜೆ ಹಿಂದೆ ಸರಿದೀತು, ಮಳೆಗಾಲದಲ್ಲಿ ತೆಂಗಿನ ಬುಡಕ್ಕೆ ಬಂದೀತು, ಅಷ್ಟೆ. ಇಲ್ಲಿ ಹಾಗಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕೆನ್ಯಾ ಕರಾವಳಿಯ ಉಬ್ಬರಕ್ಕೂ ಇಳಿತಕ್ಕೂ ಮೂರು ಮೀಟರಿಗಿಂತ ಹೆಚ್ಚು ಅಂತರ. ಮಂಗಳೂರಿನಲ್ಲಿ ಅದರ ಅರ್ಧವೂ ಇಲ್ಲ. ದಡ ಚಪ್ಪಟೆಯಾಗಿರುವ ಕಡೆ ನೀರು ಅಷ್ಟು ಕೆಳಗಿಳಿದರೆ ಸಮುದ್ರವೇ ಎದ್ದು ಹೋದಂತೆ ಕಾಣುತ್ತದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಮೆಟ್ಟಿಲ ಹತ್ತಿರ ಇದ್ದ ನೀರು ತಿಂಡಿ ಮುಗಿಸಿ ಏಳುವಷ್ಟರಲ್ಲಿ ಹವಳದ ದಿಬ್ಬದ ಆಚೆ ಬಿಳಿ ಗೆರೆಯಾಗಿರುತ್ತದೆ. ನಡುವೆ ಉಳಿಯುವುದು ಪಾಚಿ, ಕಲ್ಲು, ಮೊಣಕಾಲುದ್ದದ ಗುಂಡಿಗಳು, ಕಪ್ಪು ಮುಳ್ಳಿನ ಕಡಲ ಚೆಂಡುಗಳು. ಟವೆಲ್ ಹೊದ್ದುಕೊಂಡು ಮಕ್ಕಳು ಸಾಲಾಗಿ ಕೂತು "ನೀರು ಯಾವಾಗ ಬರುತ್ತೆ?" ಎಂದು ಕೇಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಂಗಲೆಯ ಜಾಹೀರಾತಿನ ಚಿತ್ರಗಳನ್ನೆಲ್ಲ ತೆಗೆದಿರುವುದು ತುಂಬಿದ ಉಬ್ಬರದಲ್ಲಿ; ಇಳಿತದ ಚಿತ್ರ ಹಾಕಿ ಮನೆ ಬಾಡಿಗೆಗೆ ಕೊಡುವ ಧೀರರು ಇನ್ನೂ ಹುಟ್ಟಿಲ್ಲ.

ಆದರೆ ಈ ನೀರಿಗೆ ಒಂದು ನಿಯಮವಿದೆ, ಅದು ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ ಇಳಿತ ಅತಿ ಹೆಚ್ಚು, ಮತ್ತು ಅದು ಬರುವುದು ಬೆಳಿಗ್ಗೆ ಹತ್ತು-ಹನ್ನೊಂದರ ಸುಮಾರಿಗೆ. ನೀರು ಮತ್ತೆ ತುಂಬುವುದು ಸಂಜೆ ನಾಲ್ಕು-ಐದಕ್ಕೆ. ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆ ಚಿಲ್ಲರೆ ಮುಂದೆ ಹೋಗುತ್ತ, ಅಷ್ಟಮಿ ಕಳೆಯುವ ಹೊತ್ತಿಗೆ ಲೆಕ್ಕ ತಿರುಗಿರುತ್ತದೆ: ಬೆಳಿಗ್ಗೆ ನೀರು, ಸಂಜೆ ಇಳಿತ, ಎರಡರ ನಡುವಿನ ವ್ಯತ್ಯಾಸವೂ ಕಡಿಮೆ. ಈಗ ನಿಮ್ಮ ದಿನಗಳನ್ನು ಇದರ ಮೇಲೆ ಹೊಂದಿಸಿ ನೋಡಿ. ಹವಳದ ತೋಟ ನೋಡಲು ದೋಣಿಯಲ್ಲಿ ಹೋಗುವುದು ನೀರು ಕಡಿಮೆ ಇರುವಾಗ. ಆಗ ಮೀನುಗಳು ಕಣ್ಣಿಗೆ ಹತ್ತಿರ, ದಿಬ್ಬದ ಒಳಗಿನ ನೀರು ಶಾಂತ. ದಡದಿಂದ ಇಳಿದು ಈಜುವುದು ನೀರು ತುಂಬಿರುವಾಗ. ಹುಣ್ಣಿಮೆಯ ವಾರವಾದರೆ ಬೆಳಿಗ್ಗೆ ಹವಳ, ಸಂಜೆ ಈಜು, ನಡುಮಧ್ಯಾಹ್ನ ನಿದ್ದೆ. ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಅಷ್ಟಮಿಯ ವಾರವಾದರೆ ಬೆಳಿಗ್ಗೆ ಬೇಗ ಎದ್ದು ಈಜಿ ಮುಗಿಸಿ, ಸುತ್ತಾಟ ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. ಕರಾರುವಾಕ್ಕಾದ ವೇಳೆಗೆ ಉಬ್ಬರವಿಳಿತದ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಊಟದ ಹೊತ್ತನ್ನೂ ಅದರ ಪ್ರಕಾರವೇ ಗೊತ್ತು ಮಾಡಿ. ಒಂದು ಗಂಟೆಗೆ ಊಟ ಆಗಲೇಬೇಕು ಎನ್ನುವ ಯಜಮಾನರು ಗುಂಪಿನಲ್ಲಿದ್ದರೆ ಅವರಿಗೆ ಮೊದಲೇ ತಿಳಿಹೇಳಿ.

ತಿಥಿ ಆಯಿತು, ಇನ್ನು ಗಾಳಿ. ಇಲ್ಲಿ ನಿಮ್ಮ ಬಂಗಲೆಯ ವಿಷಯಕ್ಕೇ ಬರುತ್ತೇನೆ.

ಈ ಕರಾವಳಿಯ ವರ್ಷವನ್ನು ಎರಡು ಗಾಳಿಗಳು ಹಂಚಿಕೊಂಡಿವೆ. ಏಪ್ರಿಲ್‌ನಿಂದ ದಕ್ಷಿಣದ ಕುಸಿ. ಅದೇ ಗಾಳಿ ಸಮುದ್ರ ದಾಟಿ ತಿರುಗಿ ನಮ್ಮ ಮುಂಗಾರಾಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಕಸ್ಕಾಜಿ. ಹಾಯಿಹಡಗುಗಳ ಕಾಲದಲ್ಲಿ ನಮ್ಮ ದಡದವರು ಈ ದಡಕ್ಕೆ ಬಂದದ್ದು ಕಸ್ಕಾಜಿಯಲ್ಲಿ, ಹಿಂದಿರುಗಿದ್ದು ಕುಸಿಯಲ್ಲಿ. ನೀವು ಬರುವುದೂ ಕಸ್ಕಾಜಿಯ ಕಾಲಕ್ಕೆ. ಬಿಸಿಲು ಚುರುಕು, ಸೆಕೆ ಜೋರು, ಸಮುದ್ರ ಕುಸಿಯ ಕಾಲಕ್ಕಿಂತ ಸೌಮ್ಯ. ಇಷ್ಟಿದ್ದರೂ ಮಲಿಂಡಿಗೆ ಇದು ಒಳ್ಳೆಯ ನೀರಿನ ಕಾಲವಲ್ಲ. ಕಾರಣ ಸಬಾಕಿ ನದಿ.

ಮಲಿಂಡಿ ಪೇಟೆಯ ಉತ್ತರಕ್ಕೆ, ಸ್ವಲ್ಪ ದೂರದಲ್ಲೇ, ಸಬಾಕಿಯ ಅಳಿವೆ ಇದೆ. ಈ ಸಬಾಕಿ ಬೇರೆ ಯಾವುದೂ ಅಲ್ಲ, ನಿಮ್ಮ ಆಥಿ ನದಿಯೇ. ನೈರೋಬಿ ನದಿ ಆಥಿಗೆ ಸೇರುತ್ತದೆ, ಆಥಿ ಸಾವೋ ಕಾಡು ದಾಟುವಾಗ ಗಲಾನಾ ಎನ್ನಿಸಿಕೊಂಡು, ಕಡಲಿಗೆ ಬರುವಾಗ ಸಬಾಕಿಯಾಗುತ್ತದೆ. ಒಳನಾಡಿನ ಹೊಲಗಳ ಕೆಂಪು ಮಣ್ಣು, ನಿಮ್ಮ ನಗರದ ಕೊಳಚೆ ಎಲ್ಲವೂ ನಿಮಗಿಂತ ಮೊದಲೇ ಮಲಿಂಡಿಗೆ ಬಂದು ಇಳಿದಿರುತ್ತದೆ. ಕುಸಿ ಬೀಸುವಾಗ ಈ ಕೆಸರು ನೀರು ಉತ್ತರಕ್ಕೆ ಸಾಗುತ್ತದೆ. ಕಸ್ಕಾಜಿ ಬೀಸುವಾಗ ದಕ್ಷಿಣಕ್ಕೆ, ಅಂದರೆ ನೇರ ಮಲಿಂಡಿಯ ಕೊಲ್ಲಿಗೆ. ಅದರ ಮೇಲೆ ನವೆಂಬರಿನ ಮಳೆ ಚೆನ್ನಾಗಿ ಹೊಡೆದಿದ್ದರೆ ಕೇಳುವುದೇ ಬೇಡ. ಡಿಸೆಂಬರಿನಲ್ಲಿ ಪೇಟೆಯ ಮುಂದಿನ ಸಮುದ್ರ ರಾಗಿ ಗಂಜಿಯ ಬಣ್ಣಕ್ಕೆ ತಿರುಗಿರುತ್ತದೆ. ನೀಲಿ ನೀರೇ ಬೇಕೆಂದು ಅಷ್ಟು ದುಡ್ಡು ಸುರಿಯುವವರು ಇದನ್ನು ತಿಳಿದು ಸುರಿಯಬೇಕು.

ನನ್ನ ಸಲಹೆ ಇಷ್ಟೆ: ಮುಂಗಡ ಕೊಡುವ ಮೊದಲು ಮಲಿಂಡಿ ಬಿಟ್ಟು ವಟಾಮುವಿನಲ್ಲಿ ಮನೆ ನೋಡಿ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕೆ, ಸಣ್ಣ ಊರು, ಬಿಳಿ ಮರಳು, ನೀರಿನ ಮಧ್ಯೆ ಅಣಬೆಯಂತೆ ನಿಂತ ಹವಳಗಲ್ಲಿನ ಬಂಡೆಗಳು. ಕೆಂಪು ನೀರು ಅಷ್ಟು ದೂರ ಬರುವುದು ಅಪರೂಪ. ಸಮುದ್ರ ವಟಾಮುವಿನಲ್ಲಿ ನೋಡಿ, ಮಲಿಂಡಿಯನ್ನು ಪೇಟೆಯಾಗಿ ನೋಡಿ. ಎರಡೂ ಊರಿನ ಕಡಲ ಉದ್ಯಾನಗಳು 1968ರಲ್ಲಿ ಒಟ್ಟಿಗೇ ಆದವು, ಆಫ್ರಿಕದಲ್ಲೇ ಹಳೆಯವುಗಳ ಸಾಲಿನವು. ಆದ್ದರಿಂದ ವಟಾಮುವಿಗೆ ಹೋದರೆ ಹವಳ ತಪ್ಪಿತು ಎಂಬ ಚಿಂತೆಯೂ ಇಲ್ಲ.

ಗಾಳಿಯ ಲೆಕ್ಕ ತಪ್ಪಿಸಿಕೊಂಡವನ ಸ್ಮಾರಕ ಮಲಿಂಡಿಯಲ್ಲೇ ಇದೆ, ಮಕ್ಕಳಿಗೆ ತೋರಿಸಿ. ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ, ತಲೆಯ ಮೇಲೆ ಶಿಲುಬೆ ಹೊತ್ತ ಬಿಳಿ ಕಂಬ. ವಾಸ್ಕೊ ಡ ಗಾಮ 1498ರ ಏಪ್ರಿಲ್‌ನಲ್ಲಿ ಮಲಿಂಡಿಗೆ ಬಂದ. ಮೊಂಬಾಸಾದವರು ಕೊಡದ ಮರ್ಯಾದೆಯನ್ನು ಇಲ್ಲಿನ ಸುಲ್ತಾನ ಕೊಟ್ಟ, ದಾರಿ ಬಲ್ಲ ನಾವಿಕನನ್ನೂ ಕೊಟ್ಟ. ಮುಂಗಾರಿನ ಗಾಳಿ ಎದ್ದಿತ್ತು. ಒಂದು ತಿಂಗಳೊಳಗೆ ಕಲ್ಲಿಕೋಟೆ ಮುಟ್ಟಿದರು. ಹಿಂದಿರುಗುವಾಗ ಮಾತ್ರ ಆತನಿಗೆ ತಾಳ್ಮೆ ಇರಲಿಲ್ಲ. ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗುಗಳ ತಳ ಸರಿಮಾಡಿಸಿಕೊಂಡು, ಗಾಳಿ ತಿರುಗುವ ಮೊದಲೇ, ಅಕ್ಟೋಬರ್ ಆರಂಭದಲ್ಲಿ ಹೊರಟುಬಿಟ್ಟ. ಮೂರು ತಿಂಗಳು ನಡುಗಡಲಿನಲ್ಲಿ ಕಳೆದವು. ವಸಡು ಕೊಳೆತು ಸಾಯುವ ಸ್ಕರ್ವಿ ರೋಗಕ್ಕೆ ಒಬ್ಬೊಬ್ಬರಾಗಿ ಬಲಿಯಾದರು. 1499ರ ಜನವರಿಯಲ್ಲಿ ಮಲಿಂಡಿ ಮುಟ್ಟಿದಾಗ ಮೂರು ಹಡಗು ನಡೆಸುವಷ್ಟು ಕೈಗಳೇ ಉಳಿದಿರಲಿಲ್ಲ. ಸ್ವಲ್ಪ ದೂರ ಹೋಗಿ ಸಾವ್ ರಫಾಯೆಲ್ ಎಂಬ ಹಡಗನ್ನು ತಾವೇ ಸುಟ್ಟರು. ಶಾಲೆಯ ಪುಸ್ತಕದಲ್ಲಿ ಹೋದ ದಾರಿ ಇರುತ್ತದೆ, ಬಂದ ದಾರಿ ಇರುವುದಿಲ್ಲ.

ದೋಣಿಯ ವಿಷಯದಲ್ಲಿ ಕೆಲವು ಮಾತು. ದಡದಲ್ಲಿ ಇಳಿದ ಕೂಡಲೇ "ಜಾಂಬೋ" ಎಂದು ನಾಲ್ಕೈದು ಹುಡುಗರು ಸುತ್ತುವರಿಯುತ್ತಾರೆ. ಹೆದರಬೇಕಾದ್ದಿಲ್ಲ, ಗದರುವುದಂತೂ ಬೇಡವೇ ಬೇಡ. ಪ್ರವಾಸಿಗರು ಬರುವ ಕೆಲವೇ ತಿಂಗಳಲ್ಲಿ ವರ್ಷದ ಸಂಪಾದನೆ ಮಾಡಿಕೊಳ್ಳಬೇಕಾದವರು ಅವರು. ನಿಂತು ಮಾತಾಡಿ, ಬೇಡವಾದರೆ "ಹಪಾನಾ, ಅಸಾಂತೆ" ಎನ್ನಿ. ದೋಣಿ ಗೊತ್ತು ಮಾಡುವಾಗ ಮಾತ್ರ ಎರಡು ಸಂಗತಿ ಬಾಯಿ ಬಿಟ್ಟು ಕೇಳಿ: ಉದ್ಯಾನದ ಟಿಕೆಟ್ ಈ ದರದೊಳಗೆ ಸೇರಿದೆಯೇ, ಲೈಫ್ ಜಾಕೆಟ್ ಎಲ್ಲರಿಗೂ, ಮಕ್ಕಳ ಅಳತೆಯವೂ, ಇವೆಯೇ. ಟಿಕೆಟ್ ಸರ್ಕಾರದ ಇ-ಸಿಟಿಜನ್ ಜಾಲತಾಣದ ಮೂಲಕವೇ ಆಗಬೇಕು, ನಗದು ನಡೆಯುವುದಿಲ್ಲ. ನೀವು ಏಲಿಯನ್ ಕಾರ್ಡ್ ತಂದರೆ ಇಲ್ಲಿನ ನಿವಾಸಿಗಳ ದರ. ಊರಿಂದ ಬಂದ ಅಪ್ಪ-ಅಮ್ಮಂದಿರಿಗೆ ವಿದೇಶಿಯರ ದರ. ಅದನ್ನು ಕಟ್ಟೆಯ ಮೇಲೆ ನಿಂತು ವಾದಿಸಿ ಪ್ರಯೋಜನವಿಲ್ಲ.

ಇನ್ನೊಂದು, ಸಮಯ. ದೋಣಿಯವರು "ಸಾ ತಾತು", ಮೂರು ಗಂಟೆ, ಎಂದರೆ ಬೆಳಿಗ್ಗೆ ಒಂಬತ್ತು. ಇಲ್ಲಿನ ಗಡಿಯಾರ ಸೂರ್ಯೋದಯದಿಂದ ಎಣಿಸುತ್ತದೆ, ನಮ್ಮ ಹಿರಿಯರ ಗಳಿಗೆಯ ಹಾಗೆಯೇ. ನೈರೋಬಿಯಲ್ಲಿ ಇಂಗ್ಲಿಷಿನಲ್ಲಿ ಬದುಕುವ ನಿಮಗೆ ಇದರ ಬಿಸಿ ತಟ್ಟಿರಲಾರದು. ಇಲ್ಲಿ ಹೊತ್ತು ಗೊತ್ತು ಮಾಡುವಾಗ ಬೆರಳಿನಿಂದ ಸೂರ್ಯನನ್ನೂ ತೋರಿಸಿಬಿಡಿ.

ನೀರಿಗಿಳಿಯುವವರು ಬನಿಯನ್ನೋ ಟೀ ಶರ್ಟೋ ಹಾಕಿಕೊಂಡೇ ಇಳಿಯಿರಿ. ಮೀನು ನೋಡುತ್ತ ಮುಖ ಕೆಳಗೆ ಮಾಡಿ ತೇಲುವಾಗ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ, ರಾತ್ರಿ ಮಲಗಲು ಹೋದಾಗ ಗೊತ್ತಾಗುತ್ತದೆ. ಕಾಲಿಗೆ ರಬ್ಬರ್ ಶೂ. ಹವಳದ ಮೇಲೆ ನಿಲ್ಲಬೇಡಿ. ಅದು ಕಲ್ಲಲ್ಲ, ಜೀವ, ಒಂದು ಗೇಣು ಬೆಳೆಯಲು ಎಷ್ಟೋ ವರ್ಷ ತೆಗೆದುಕೊಳ್ಳುವಂಥದ್ದು. ಫೋಟೊಗೆಂದು ನಕ್ಷತ್ರಮೀನನ್ನು ನೀರಿನಿಂದ ಎತ್ತಿ ಮಕ್ಕಳ ಕೈಗೆ ಕೊಡಲು ಕೆಲವರು ಮುಂದಾಗುತ್ತಾರೆ. ಬೇಡ ಎನ್ನಿ. ಚಿಪ್ಪು, ಶಂಖ ಮಾರಲು ಬಂದವರಿಂದ ಕೊಳ್ಳುವುದೂ ಬೇಡ, ದೇವರ ಮನೆಗೆ ಬೇಕು ಎಂದು ಅಮ್ಮ ಎಷ್ಟೇ ಹೇಳಿದರೂ. ವಟಾಮುವಿನ ಮರಳಿನಲ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಬಲೆಗೆ ಸಿಕ್ಕ ಆಮೆಯನ್ನು ಮೀನುಗಾರರಿಂದ ಪಡೆದು ಮತ್ತೆ ಕಡಲಿಗೆ ಬಿಡುವ ಕೆಲಸವನ್ನು ಲೋಕಲ್ ಓಶನ್ ಕನ್ಸರ್ವೇಶನ್ ಎಂಬ ಸಂಸ್ಥೆ ಅಲ್ಲಿ ಬಹಳ ಕಾಲದಿಂದ ಮಾಡುತ್ತಿದೆ. ಹೋಗಿ ನೋಡಿ. ಆಮೆಗಳ ದಾರಿ ತಪ್ಪದಂತೆ ರಾತ್ರಿ ದಡದ ಕಡೆಯ ದೀಪಗಳನ್ನು ಆರಿಸಿ.

ಸಾಮಾನು ಕಟ್ಟುವಾಗ ಅಜ್ಜಿಯರ ಮೇಲೆ ಒಂದು ಕಣ್ಣಿರಲಿ. ಕೋಡುಬಳೆ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲವನ್ನೂ ಊರಿನಿಂದ ಪ್ಲಾಸ್ಟಿಕ್ ಕವರಿನೊಳಗೆ ಕವರು ಹಾಕಿ ಗಂಟು ಕಟ್ಟಿ ತರುವುದು ನಮ್ಮ ಪದ್ಧತಿ. ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ 2017ರ ಆಗಸ್ಟ್‌ನಿಂದ ನಿಷಿದ್ಧ, ದಂಡ ಹಗುರವಲ್ಲ. 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನ, ಕಾಡು, ರಕ್ಷಿತ ಕಡಲತೀರಗಳೊಳಗೆ ಒಮ್ಮೆ ಬಳಸಿ ಬಿಸಾಡುವ ಬಾಟಲಿ, ಲೋಟ, ಚಮಚವೂ ಇಲ್ಲ. ಸ್ಟೀಲ್ ಡಬ್ಬಿ, ಬಟ್ಟೆ ಚೀಲ ತರಲು ಈಗಲೇ ಹೇಳಿಬಿಡಿ. ಸ್ಟೀಲ್ ಡಬ್ಬಿಯ ವಿಷಯದಲ್ಲಿ ನಮ್ಮ ಅಮ್ಮಂದಿರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಹಿರಿಯರ ಕಾಗದಪತ್ರದ ಬಗ್ಗೆ ಮಾತ್ರ ಉದಾಸೀನ ಮಾಡಬೇಡಿ. 2024ರ ಜನವರಿಯಿಂದ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಪರವಾನಗಿ ಬಂದಿದೆ. ವಿಮಾನ ಹತ್ತುವ ಮೊದಲೇ ಕೈಯಲ್ಲಿರಬೇಕು, ಉಳಿಯುವ ಮನೆಯ ವಿವರವೂ ಅದಕ್ಕೆ ಬೇಕು. ಅದಕ್ಕಿಂತ ದೊಡ್ಡದು ಹಳದಿ ಜ್ವರದ ಲಸಿಕೆ. ಕೆನ್ಯಾದಿಂದ ಭಾರತಕ್ಕೆ ಹಿಂದಿರುಗುವವರ ಹತ್ತಿರ ಆ ಲಸಿಕೆಯ ದಾಖಲೆಯಾದ ಹಳದಿ ಪುಸ್ತಕ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸೂಜಿ ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಅದು ಊರ್ಜಿತ. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವಾಗ ವೈದ್ಯರು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ. ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ ಎಲ್ಲವನ್ನೂ ಹೇಳಿ ಕೇಳಲಿ. ಹೊರಡುವ ವಾರದಲ್ಲಿ ಓಡಾಡುವ ಕೆಲಸವಲ್ಲ ಇದು. ಇನ್ನು ಮಲೇರಿಯಾ. ನೈರೋಬಿಯ ಎತ್ತರದಲ್ಲಿ ಬೆಳೆದ ನಿಮ್ಮ ಮಕ್ಕಳಿಗೆ ಅದು ಹೆಸರಿಗಷ್ಟೇ ಗೊತ್ತು; ಕರಾವಳಿಯಲ್ಲಿ ಅದು ನಿಜವಾಗಿ ಇದೆ. ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ, ಸೊಳ್ಳೆಪರದೆಯಲ್ಲಿ ಮಲಗಿ, ಹಿಂದಿರುಗಿದ ಮೇಲೆ ಯಾರಿಗೆ ಜ್ವರ ಬಂದರೂ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಊಟದ ಚಿಂತೆ ಬಿಡಿ. ಸಸ್ಯಾಹಾರಿಗಳಿಗೆ ಈ ಕರಾವಳಿ ನೈರೋಬಿಗಿಂತ ವಾಸಿ ಎನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಇಲ್ಲಿ ತೆಂಗಿನಕಾಯಿ ಇದೆ. ಬೆಳಿಗ್ಗೆ ಹಳೆಪೇಟೆಯ ಗಲ್ಲಿಯಲ್ಲಿ ಒಬ್ಬಾಕೆ ದೊಡ್ಡ ಬಾಣಲೆಯ ಮುಂದೆ ಕೂತಿರುತ್ತಾಳೆ. ತ್ರಿಕೋನಕ್ಕೆ ಕತ್ತರಿಸಿದ ಹಿಟ್ಟು ಎಣ್ಣೆಗೆ ಬಿದ್ದ ಕ್ಷಣ ಉಬ್ಬಿ ತಿರುಗುತ್ತದೆ, ಏಲಕ್ಕಿಯ ಪರಿಮಳ ಬೀದಿಗೆ ಬರುತ್ತದೆ. ಅದು ಮಹಮ್ರಿ. ಪಕ್ಕದ ಪಾತ್ರೆಯಲ್ಲಿ ಇಡೀ ತೊಗರಿ ಕಾಳನ್ನು ಕಾಯಿಹಾಲಿನಲ್ಲಿ ಮೆತ್ತಗೆ ಬೇಯಿಸಿದ ಮ್ಬಾಜಿ. ಮಹಮ್ರಿ ಮುರಿದು ಅದರಲ್ಲಿ ಅದ್ದಿ ತಿನ್ನುವುದು. ನನ್ನ ಅತ್ತೆ ಇಲ್ಲಿಗೆ ಬಂದಿದ್ದಾಗ ಎರಡು ತಿಂದು, ಸ್ವಲ್ಪ ಹುಣಸೆ ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ತೀರ್ಪು ಕೊಟ್ಟು ಮೂರನೆಯದು ಕೇಳಿದರು. ಆಲೂಗಡ್ಡೆಯನ್ನು ಹಳದಿ ಹಿಟ್ಟಿನಲ್ಲಿ ಅದ್ದಿ ಕರಿದ ವಿಯಾಜಿ ಕರಾಯಿ, ಎಳನೀರಿನ ಮಡಾಫು, ಕಾಯಿಹಾಲಿನ ಅನ್ನ, ಎಲ್ಲ ಸಿಗುತ್ತದೆ. ಸಮೋಸಾ ಕೊಳ್ಳುವಾಗ ಮಾತ್ರ "ನ್ಯಾಮಾ?" ಎಂದು ಕೇಳಿ, ಸಾಮಾನ್ಯವಾಗಿ ಒಳಗೆ ಮಾಂಸವೇ ಇರುತ್ತದೆ. ಮಲಿಂಡಿ ಪೇಟೆಯಲ್ಲಿ ಪಿಜ್ಜಾ, ಐಸ್‌ಕ್ರೀಮ್ ನಿಜಕ್ಕೂ ಚೆನ್ನಾಗಿರುತ್ತದೆ. 1960ರ ದಶಕದಲ್ಲಿ ಇಟಲಿಯವರು ಊರಿನ ಉತ್ತರಕ್ಕೆ, ಕಡಲಿನೊಳಗೆ ಕಂಬ ನೆಟ್ಟು, ರಾಕೆಟ್ ಉಡಾವಣೆಯ ನೆಲೆ ಕಟ್ಟಿದರು. ಬಂದವರ ಹಿಂದೆ ಬಂದವರು ಇಲ್ಲೇ ಮನೆ ಮಾಡಿಕೊಂಡರು. ತರಕಾರಿ ಮಾರುವ ಮುದುಕನೂ ಇಟಾಲಿಯನ್ ಮಾತಾಡುತ್ತಾನೆ.

ಬಂಗಲೆಯ ಅಡುಗೆಯವರ ಜೊತೆ ಮೊದಲ ದಿನವೇ ಕೂತು ಮಾತಾಡಿ: ಮೀನಿನ ಪಾತ್ರೆ ಬೇರೆ, ಹಿರಿಯರ ಪಾತ್ರೆ ಬೇರೆ. ಅವರಿಗೆ ಇದು ಹೊಸದಲ್ಲ. ಸಾಮಾನಿಗೆ ಕೊಟ್ಟ ದುಡ್ಡಿನ ಲೆಕ್ಕ ಒಬ್ಬರೇ ನೋಡಿಕೊಳ್ಳಲಿ, ಐದು ಮನೆಯ ಐದು ಜನ ಐದು ಥರ ಅಪ್ಪಣೆ ಮಾಡಬೇಡಿ. ಹಬ್ಬದ ದಿನವೂ ತಮ್ಮ ಮನೆ ಬಿಟ್ಟು ನಿಮ್ಮ ಒಲೆ ಮುಂದೆ ನಿಲ್ಲುವವರಿಗೆ ಕೈತುಂಬ ಕೊಟ್ಟು ಬನ್ನಿ.

ನೀರಿಲ್ಲದ ಹೊತ್ತಿಗೆ ಗೆಡಿ. ವಟಾಮುವಿನಿಂದ ಹತ್ತಿರ, ಅರಬುಕೋ-ಸೊಕೋಕೆ ಕಾಡಿನ ಅಂಚಿನಲ್ಲಿ, ಹವಳಗಲ್ಲಿನಲ್ಲಿ ಕಟ್ಟಿದ ಹಾಳೂರು. ಅರಮನೆ, ಮಸೀದಿ, ಆಳವಾದ ಬಾವಿಗಳು, ಮನೆಮನೆಗೂ ಬಚ್ಚಲು. 17ನೇ ಶತಮಾನದಲ್ಲಿ ಜನ ಬಿಟ್ಟುಹೋದರು. ಅಗೆದಾಗ ಚೀನಾದ ಪಿಂಗಾಣಿ ಸಿಕ್ಕಿತು. ಇಷ್ಟು ಹತ್ತಿರದ ಮಲಿಂಡಿಯಲ್ಲೇ ಬೀಡುಬಿಟ್ಟಿದ್ದ ಪೋರ್ಚುಗೀಸರ ಬರಹಗಳಲ್ಲಿ ಈ ಊರಿನ ಉಲ್ಲೇಖವೇ ಇಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ. 2024ರ ಜುಲೈನಲ್ಲಿ ದೆಹಲಿಯಲ್ಲಿ ನಡೆದ ಯುನೆಸ್ಕೊ ಸಭೆಯಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮರದ ನೆರಳು ದಟ್ಟ, ಹಿರಿಯರೂ ನಡೆದಾಡಬಹುದು. ಕೋತಿಗಳು ಮಾತ್ರ ಚೀಲಕ್ಕೆ ಕೈ ಹಾಕುತ್ತವೆ. ಮಿಡಾ ಹಿನ್ನೀರಿನ ಕಾಂಡ್ಲಾ ಕಾಡಿನ ಮೇಲೆ ಹಲಗೆಯ ದಾರಿ ಇದೆ, ಹಕ್ಕಿ ನೋಡುವವರಿಗೆ. ಅಲ್ಲಿಂದಲೇ ಒಂದು ದಿನದಲ್ಲಿ ಸಾವೋ ಸಫಾರಿಯನ್ನೂ ಮುಗಿಸುತ್ತೇವೆ ಎನ್ನುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರು ಬೇರೆ ಗಾಡಿ ಮಾಡಿಕೊಂಡು ಹೋಗಲಿ.

ಕೊನೆಯದಾಗಿ ಪ್ರಯಾಣ. 2017ರಲ್ಲಿ ಶುರುವಾದ ಮದರಾಕಾ ಎಕ್ಸ್‌ಪ್ರೆಸ್ ರೈಲು ಐದಾರು ಗಂಟೆಯಲ್ಲಿ ಮೊಂಬಾಸಾಕ್ಕೆ ತಂದುಬಿಡುತ್ತದೆ, ಸಾವೋದ ಆನೆಗಳನ್ನು ಕಿಟಕಿಯಿಂದಲೇ ನೋಡಬಹುದು. ಆದರೆ ನಿಲ್ದಾಣ ಇರುವುದು ಊರ ಹೊರಗೆ ಮಿರಿಟಿನಿಯಲ್ಲಿ. ಅಲ್ಲಿಂದ ವಟಾಮುವಿಗೆ ಮೊಂಬಾಸಾ ದಾಟಿ, ಮ್ತ್ವಾಪಾದ ವಾಹನ ಜಂಗುಳಿ ದಾಟಿ, ಕಿಲಿಫಿಯ ಸೇತುವೆ ದಾಟಿ ಮತ್ತೆ ನೂರಕ್ಕೂ ಹೆಚ್ಚು ಕಿಲೋಮೀಟರ್. ಹಬ್ಬದ ವಾರದಲ್ಲಿ ಮೂರು ಗಂಟೆಗೆ ಕಡಿಮೆ ಎಂದು ಯಾರೂ ಮಾತು ಕೊಡಲಾರರು. ಮಂಡಿನೋವಿನ ಹಿರಿಯರನ್ನು ನೈರೋಬಿಯಿಂದ ನೇರ ಮಲಿಂಡಿಗೆ ವಿಮಾನದಲ್ಲಿ ಕಳಿಸಿ, ನೀವು ಮಕ್ಕಳೊಂದಿಗೆ ರೈಲಿನಲ್ಲಿ ಬನ್ನಿ. ಟಿಕೆಟಿನ ಹೆಸರು ಗುರುತಿನ ಚೀಟಿಗೆ ಅಕ್ಷರಶಃ ಹೊಂದಬೇಕು. ನಾಯಿಗಳು ಸಾಮಾನು ಮೂಸುವ ತಪಾಸಣೆಗೆ ಸಾಲು ನಿಲ್ಲಬೇಕಾದ್ದರಿಂದ ಒಂದು ಗಂಟೆ ಮೊದಲೇ ಅಲ್ಲಿರಿ. ಡಿಸೆಂಬರಿನ ಟಿಕೆಟ್‌ಗಳು ಬಿಟ್ಟ ಬೆಳಿಗ್ಗೆಯೇ ಮುಗಿಯುತ್ತವೆ, ಹೋಗುವುದಕ್ಕಿಂತ ಬರುವ ಟಿಕೆಟ್ ಕಷ್ಟ. ಜನವರಿ ಮೊದಲ ವಾರದಲ್ಲಿ ಕರಾವಳಿಗೆ ಬಂದ ಜನವೆಲ್ಲ ಒಟ್ಟಿಗೇ ನೈರೋಬಿಗೆ ಮರಳುತ್ತದೆ. ಹಿಂದಿರುಗುವ ದಿನವನ್ನು ಮೊದಲು ಗೊತ್ತು ಮಾಡಿ, ಮನೆಯನ್ನು ಆಮೇಲೆ.

ಮಿರಿಟಿನಿಯಲ್ಲಿ ಇಳಿಯುವ ದಿನ ತಿಳಿಸಿದರೆ ನಂಬಿಕಸ್ಥ ವ್ಯಾನಿನವರನ್ನು ಕಳಿಸುತ್ತೇನೆ. ಎಷ್ಟು ಜನ, ಎಷ್ಟು ಪೆಟ್ಟಿಗೆ ಎಂಬುದನ್ನು ಸರಿಯಾಗಿ ಬರೆಯಿರಿ; ಪೆಟ್ಟಿಗೆಯ ಲೆಕ್ಕದಲ್ಲಿ ಅಜ್ಜಿಯರ ಡಬ್ಬಿಗಳನ್ನೂ ಸೇರಿಸಿ.

ಇಂತಿ ನಿಮ್ಮ,
ಮೊಂಬಾಸಾದ ಒಬ್ಬ ಕನ್ನಡಿಗ